ಗಾಜಿನ ಮೇಲಿನ ಕಲೆ

ಹಳೇ ಫೋಟೋಗಳನ್ನು ಸ್ಕ್ಯಾನ್ ಮಾಡಿ ಕಾಲೇಜಿನ ಪಾಠಕ್ಕೆ, ಸಂಶೋಧಕರ ಉಪಯೋಗಕ್ಕೆ ಒದಗಿಸುವ ಘನಕಾರ್ಯ ನನ್ನದು. ಅದಕ್ಕೊಂದು ನಿಯಮಾವಳಿಯಿದೆ. ಬರೆದ ಮಹನೀಯರು ಹಳ್ಳಿಮನೆಯ ಗೋಡೆ ಕಂಡವರಲ್ಲ. 'ಸ್ಕ್ಯಾನಿಗೆ ಮೊದಲು ಗಾಜಿನ ಮೇಲಿನ ಕಲೆಗಳನ್ನು ತೆಗೆಯತಕ್ಕದ್ದು' ಎಂಬುದು ನಾಲ್ಕನೇ ಕಲಮು. ಧೂಳು, ಜೇಡರಬಲೆ, ಕುಂಕುಮ ಎಲ್ಲವೂ ಅವರಿಗೆ ಒಂದೇ.

ಚುಂಚನಕಟ್ಟೆ ಹತ್ತಿರದ ಒಂದು ಮನೆಯಲ್ಲಿ ಕೆಂಪಮ್ಮ ಎನ್ನುವವರು ತಮ್ಮ ಅತ್ತೆಯ ಫೋಟೋವನ್ನು ಗೋಡೆಯಿಂದ ಇಳಿಸಿಕೊಟ್ಟರು. ಸ್ಟುಡಿಯೋದವನು ಕೈಯಿಂದ ಬಣ್ಣ ತುಂಬಿದ ಅಪರೂಪದ ಫೋಟೋ. ಗಾಜಿನ ಮೇಲೆ, ಸರಿಯಾಗಿ ಹಣೆಯ ಜಾಗದಲ್ಲಿ, ರೂಪಾಯಿ ಅಗಲದ ಕುಂಕುಮ ಮೆತ್ತಿಕೊಂಡಿತ್ತು. ನಾನು ಬಿಳಿ ಗ್ಲೌಸು ಹಾಕಿಕೊಂಡು, ದೊಡ್ಡ ಡಾಕ್ಟರ ಗತ್ತಿನಲ್ಲಿ, ಅದನ್ನು ಒರೆಸಿಯೇ ಬಿಟ್ಟೆ.

"ಅಯ್ಯಯ್ಯೋ, ಮುತ್ತೈದೆ ಸಾವು ಕಣ್ರೀ ನಮ್ಮತ್ತೇದು! ಇದೇನ್ ಮಾಡ್ಬುಟ್ರಿ!" ಎಂದು ಕೆಂಪಮ್ಮ ಕೂಗಿಕೊಂಡರು.

ಜಗಲಿಯಲ್ಲಿದ್ದ ಅವರ ಮಾವ, ಅಂದರೆ ಫೋಟೋದಲ್ಲಿದ್ದಾಕೆಯ ಗಂಡ, ಕೋಲೂರಿಕೊಂಡು ಒಳಗೆ ಬಂದರು. ಹೆಂಡತಿಯ ಬರೀ ಹಣೆ ನೋಡಿದರು. ಆಮೇಲೆ ನನ್ನ ಗ್ಲೌಸು ನೋಡಿದರು.

"ಸಾಮಿ, ನಾನಿನ್ನೂ ಬದ್ಕಿವ್ನಿ. ಯಾರ ಅಪ್ಪಣೆ ತಕಂಡು ಒರಸಿದ್ರಿ?"

ಅಪ್ಪಣೆಯೇನೋ ನಾಲ್ಕನೇ ಕಲಮಿನದು; ನಾನು ಗ್ಲೌಸು ಕಳಚಿ ಜೇಬಿಗೆ ತುರುಕಿಕೊಂಡೆ. ಅವರು ಕುಂಕುಮದ ಭರಣಿ ತರಿಸಿ, ತಾವೇ ಹೆಂಡತಿಯ ಹಣೆಗೆ ಇಟ್ಟರು. ಅದನ್ನು ಹಾಗೆಯೇ ಸ್ಕ್ಯಾನ್ ಮಾಡಿ ಕಳಿಸಿದೆ.

ವಾರದೊಳಗೆ ಆಫೀಸಿನಿಂದ ಫಾರಂ ವಾಪಸ್ಸು ಬಂತು: 'ಹಣೆಯ ಮೇಲೆ ಕಲೆ ಉಳಿದಿದೆ. ಕಾರಣ ತಿಳಿಸಿ.'

ಕಾರಣದ ಕಾಲಂನಲ್ಲಿ ಬರೆದೆ: 'ಗಂಡ ಇದ್ದಾರೆ.'