ಗಾಜಿನ ಬಟ್ಟಲಲ್ಲಿ ನಮ್ಮನೆಯವರು

ಎರಡು ವರ್ಷದ ಹಿಂದಿನ ಮಾತು. ದೀಪಾವಳಿ ಕಳೆದ ಮೇಲೆ ನಮ್ಮನೆಯವರಿಗೆ ಹೃದಯದ ಬೈಪಾಸ್ ಆಪರೇಷನ್ ಆಯಿತು. ನಾವು ಭಟ್ಕಳದ ಹತ್ತಿರ ಬೆಳಕೆಯವರು. ಮನೆಯ ಹಿಂದೆ ಮಲ್ಲಿಗೆ ಗಿಡಗಳಿವೆ. ನಾನು ಮತ್ತು ಅತ್ತೆ ಹೂ ಕಟ್ಟುವುದು, ಅವರು ಪೇಟೆಗೆ ಒಯ್ಯುವುದು, ಇದೇ ನಮ್ಮ ಬದುಕು. ಆಪರೇಷನ್ನಿಗೆ ಮಂಗಳೂರಿಗೆ ಹೋಗಿದ್ದೆವು.

ಆಪರೇಷನ್ನಿನ ಹಿಂದಿನ ದಿನ ಬಿಳಿ ಕೋಟು ಹಾಕಿದ ಹುಡುಗಿಯೊಬ್ಬಳು ವಾರ್ಡಿಗೆ ಬಂದಳು. ನಮ್ಮ ಮಾತು ಕೇಳಿದವಳೇ, "ನೀವು ಭಟ್ಕಳ ಬದಿಯವರಾ? ನಾ ಮಂಕಿಯವಳು" ಎಂದಳು. ಅಷ್ಟೇ ಸಾಕಾಯಿತು, ಮಂಗಳೂರಿನಲ್ಲಿ ನಮಗೊಬ್ಬಳು ನೆಂಟಳು ಸಿಕ್ಕಿದಂತಾಯಿತು! ಹೆಸರು ಅಶ್ವಿನಿ. ಅವಳು ಡಾಕ್ಟರಲ್ಲ, ಅಲ್ಲೇ ಸಂಶೋಧನೆ ಮಾಡುವವಳು.

"ಆಪರೇಷನ್ ಮಾಡೂವಾಗ ಹೃದಯದ ಒಂದು ಚೂರು ಹ್ಯಾಂಗೂ ಕತ್ತರಿಸಿ ತೆಗೀತಾರೆ ಅಣ್ಣ. ಅದನ್ನ ಬಿಸಾಕೂ ಬದಲು ನಮಗೆ ಕೊಡ್ತ್ರಾ? ಚರ್ಮಕ್ಕೆ ಗಾಯ ಆದ್ರೆ ಹೊಸ ಚರ್ಮ ಬರ್ತದೆ. ಹೃದಯಕ್ಕೆ ಪೆಟ್ಟಾದ್ರೆ ಹಾಂಗೆ ಬೆಳೆಯೂದಿಲ್ಲ. ದೊಡ್ಡವರ ಹೃದಯದಲ್ಲಿ ಹೊಸದನ್ನ ಹುಟ್ಟಿಸೂ ಸ್ಟೆಮ್ ಸೆಲ್ ಎಲ್ಲಾದ್ರೂ ಅಡಗಿ ಕೂತದ್ಯಾ ಅಂತ ನಾವು ಹುಡುಕ್ತಾ ಇದ್ದೇವೆ" ಎಂದು ವಿವರಿಸಿದಳು.

ನಮ್ಮನೆಯವರಿಗೆ ಆಸ್ಪತ್ರೆಯ ಮಂಚದ ಮೇಲೂ ತಮಾಷೆಯೇ. "ಇಡೀ ಹೃದಯ ಇವಳಿಗೆ ಕೊಟ್ಟು ಎಷ್ಟೋ ವರ್ಷ ಆತು. ಅದ್ರಲ್ಲಿ ನಿಂಗೊಂದು ಚೂರು ಕೊಟ್ರೆ ಎಂತ ಲುಕ್ಸಾನು? ತಕೋ ಮಾರಾಯ್ತಿ" ಎಂದರು. ನಾನು ನಾಚಿಕೆಯಿಂದ ಅವರ ತೋಳು ಚಿವುಟಿದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಎದೆಯ ಮೂಳೆ ಕೂಡುವವರೆಗೆ ಮೇಲೆ ಭಾರ ಬೀಳಬಾರದು ಎಂದು ಡಾಕ್ಟರು ಹೇಳಿ ಕಳಿಸಿದರು. ಮದುವೆಯಾದ ಲಾಗಾಯ್ತಿನಿಂದ ಅವರ ಎದೆಯ ಮೇಲೆ ತಲೆಯಿಟ್ಟು, ಆ ಡವಡವ ಕೇಳುತ್ತ ಮಲಗಿದವಳು ನಾನು. ಈಗ ಕೆಳಗೆ ಚಾಪೆ ಹಾಸಿಕೊಂಡು ಮಲಗಿದೆ. ಇನ್ನು ಸ್ವಲ್ಪ ದಿನ ತಾನೇ ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೆ. ಗಾಯ ಪೂರ್ತಿ ಮಾಗಿತ್ತು. ಒಂದು ಬೆಳಿಗ್ಗೆ ಹೂವಿನ ಚೀಲ ಹಿಡಿದು ಪೇಟೆಗೆ ಹೋದವರು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತರಂತೆ. ಅಲ್ಲಿಂದ ಏಳಲೇ ಇಲ್ಲ.

ಹನ್ನೊಂದನೆಯ ದಿನ ಎಡೆ ಇಟ್ಟು ಕಾಗೆ ಕರೆದರು. ಮೀನು ಪೇಟೆಯ ಕಾಗೆಗಳೆಲ್ಲ ನಮ್ಮ ತೆಂಗಿನ ಮರದಲ್ಲೇ ಇರುವಂಥವು. ಅವತ್ತು ಒಂದೂ ಕೆಳಗಿಳಿಯಲಿಲ್ಲ. ಮಧ್ಯಾಹ್ನ ಮೀರಿತು. ನೆಂಟರೆಲ್ಲ ಹಸಿದು ಕೂತಿದ್ದರು. "ತಾಯಿಯನ್ನ ನೋಡಿಕೊಳ್ತೇವೆ ಅಂತ ಹೇಳಿ" ಎಂದರು ಭಟ್ಟರು, ಹೇಳಿದೆ. "ಗಿಡಕ್ಕೆ ನೀರು ಹಾಕ್ತೇನೆ ಅಂತ ಹೇಳಿ" ಎಂದರು, ಅದನ್ನೂ ಹೇಳಿದೆ. ಊಹೂಂ. ಕಡೆಗೆ ದರ್ಭೆಯಲ್ಲಿ ಕಾಗೆ ಮಾಡಿ ಎಡೆಗೆ ಮುಟ್ಟಿಸಿ ಊಟಕ್ಕೆ ಕೂತದ್ದಾಯಿತು.

ಅತ್ತೆ ಅವತ್ತು ಅಳಲಿಲ್ಲ, ಊಟವನ್ನೂ ಮಾಡಲಿಲ್ಲ. "ಅಂವ ಪೂರ್ತಿ ಹೋಗ್ಲಿಲ್ಲ ಸವಿತಾ. ಎದೆಯ ಒಂದು ತುಂಡು ಆ ಆಸ್ಪತ್ರೇಲಿ ಉಳದದೆ. ಅದನ್ನ ತಂದು ಸುಟ್ಟು ಸಮುದ್ರಕ್ಕೆ ಬಿಡದೆ ಅಂವಂಗೆ ಬಿಡುಗಡೆ ಇಲ್ಲ" ಎಂದರು. ಆಮೇಲೆ ದಿನವೂ ಇದೇ ಮಾತು. ವರ್ಷದ ದಿನ ಹತ್ತಿರ ಬಂದಾಗ ಹೊಸ ಮಣ್ಣಿನ ಮಡಕೆ, ಅದರ ಬಾಯಿಗೆ ಕಟ್ಟಲು ಬಿಳಿ ಬಟ್ಟೆ ತಂದು ನನ್ನ ಮುಂದಿಟ್ಟರು. ನಾನು ಹೊರಟೆ. ಅತ್ತೆಗೆ ಬಿಡುಗಡೆಯ ಚಿಂತೆ. ನನ್ನ ಆಸೆ ಬೇರೆಯೇ ಇತ್ತು. ಅವರದ್ದು ಎಂಬುದು ಏನೇ ಇರಲಿ, ಒಮ್ಮೆ ಕಣ್ಣಲ್ಲಿ ನೋಡಬೇಕಿತ್ತು.

ರೈಲಿನಲ್ಲಿ ಮಡಕೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಹೋದೆ. ಮೊದಲೇ ಫೋನ್ ಮಾಡಿದ್ದರಿಂದ ಅಶ್ವಿನಿ ಗೇಟಿನ ಹತ್ತಿರವೇ ಕಾಯುತ್ತಿದ್ದಳು. ಅವರು ಹೋದ ಸುದ್ದಿ ಆ ಫೋನಿನಲ್ಲೇ ಅವಳಿಗೆ ಗೊತ್ತಾದದ್ದು. ನನ್ನ ಕೈ ಹಿಡಿದುಕೊಂಡಳು. ಮಡಕೆ ಯಾಕೆಂದು ಹೇಳಿದೆ. ಅವಳು ನಗಲಿಲ್ಲ. ಮಂಕಿಯವಳಲ್ಲವೇ, ಅವಳಿಗೆ ತಿಳಿಯುತ್ತದೆ.

"ಅಕ್ಕ, ತುಂಡು ಈಗ ತುಂಡಾಗಿ ಇಲ್ಲ. ಅದ್ರಿಂದ ಕೋಶಗಳನ್ನ ಬಿಡಿಸಿ ಬೆಳೆಸಿದ್ದೇವೆ. ನಮ್ಮ ಲ್ಯಾಬಿನ ಮೇಡಮ್ಮನ್ನ ಕೇಳಿ ಇಟ್ಟಿದ್ದೇನೆ, ಬನ್ನಿ, ನೋಡಿ" ಎಂದಳು. ನನಗೂ ಕೋಟು, ಟೊಪ್ಪಿ ಹಾಕಿಸಿ ಒಳಗೆ ಕರೆದುಕೊಂಡು ಹೋದಳು. ಫ್ರಿಜ್ಜಿನಂಥ ಒಂದು ಪೆಟ್ಟಿಗೆ. "ಇದರೊಳಗೆ ತಂಪಲ್ಲ ಅಕ್ಕ, ನಮ್ಮ ಮೈ ಎಷ್ಟು ಬಿಸಿ ಇರ್ತದೋ ಅಷ್ಟೇ ಬಿಸಿ" ಎಂದಳು. ಆ ಮಾತು ಕೇಳಿ ನಾನು ಪೆಟ್ಟಿಗೆಯ ಮೇಲೆ ಕೈ ಇಟ್ಟೆ. ಒಳಗಿನಿಂದ ಚಪ್ಪಟೆಯ ಪುಟ್ಟ ಬಟ್ಟಲು ತೆಗೆದು ಮೈಕ್ರೋಸ್ಕೋಪಿನ ಕೆಳಗಿಟ್ಟಳು.

ಕಣ್ಣಿಟ್ಟರೆ ಮೊದಲು ಕಂಡದ್ದು ನನ್ನದೇ ರೆಪ್ಪೆ. ಆಮೇಲೆ ನಿಧಾನಕ್ಕೆ ಕಂಡವು. ತೆಳ್ಳಗೆ, ಉದ್ದುದ್ದ, ತೋಡಿನ ನೀರಿನಲ್ಲಿ ಮೀನುಮರಿಗಳು ಒಂದೇ ಕಡೆ ಮುಖ ಮಾಡಿ ನಿಂತ ಹಾಗೆ. ಅಯ್ಯೋ ದೇವರೇ, ಇವರೇ! ಎಷ್ಟು ಹೊತ್ತು ಹಾಗೇ ಬಗ್ಗಿ ನಿಂತಿದ್ದೆನೋ ಗೊತ್ತಿಲ್ಲ.

"ಬಡ್ಕೊಳ್ತಾವ್ಯಾ?" ಎಂದು ಕೇಳಿದೆ.

"ಇಲ್ಲ ಅಕ್ಕ. ಇವು ಬಡಿಯೂ ಕೋಶ ಅಲ್ಲ. ಬಡಿಯೂ ಕೋಶಗಳನ್ನ ಹಿಡಿದು ನಿಲ್ಲಿಸೂವಂಥವು."

"ನೀ ಹುಡುಕ್ತಾ ಇದ್ದದ್ದಾದ್ರೂ ಸಿಕ್ತಾ?"

"ಇಲ್ಲ. ಹಿಂದೆ ಕೆಲವರು ಸಿಕ್ಕಿದೆ ಅಂದಿದ್ರು. ಮತ್ತೆ ಬೇರೆಯವರು ನೋಡಿ ಅದು ಅದಲ್ಲ ಅಂದ್ರು. ದೊಡ್ಡವರ ಹೃದಯದಲ್ಲಿ ಅಂಥದ್ದು ಇಲ್ಲವೇ ಇಲ್ಲ ಅನ್ನೂವವರೇ ಈಗ ಜಾಸ್ತಿ. ಹುಡುಕಿ ಇಲ್ಲ ಅಂತ ಗೊತ್ತು ಮಾಡೂದೂ ಒಂದು ಕೆಲಸವೇ ಅಕ್ಕ. ಅಣ್ಣ ಕೊಟ್ಟದ್ದು ಹಾಳಾಗ್ಲಿಲ್ಲ."

ನಾನು ಮಡಕೆ ಎತ್ತಿಕೊಂಡೆ. "ಹಾಂಗಾದ್ರೆ ಒಯ್ಲಾ?" ಎಂದೆ. ಅಶ್ವಿನಿ ತಲೆ ತಗ್ಗಿಸಿದಳು. "ಬೇಡ ಅನ್ನೂ ಹಕ್ಕು ನಿಮಗೆ ಉಂಟು. ನೀವು ಬೇಡ ಅಂದ್ರೆ ನಾವು ಇಟ್ಕೊಳ್ಳೂದಿಲ್ಲ. ಆದ್ರೆ ಅಕ್ಕ, ಇವಕ್ಕೆ ಈಗ ಜೀವ ಉಂಟು. ಹೊರಗೆ ತೆಗೆದ್ರೆ ಭಟ್ಕಳ ಮುಟ್ಟೂದ್ರೊಳಗೆ ಸಾಯ್ತಾವೆ" ಎಂದಳು.

ಒಮ್ಮೆ ಸುಟ್ಟು ಬಂದವಳು ನಾನು. ಇನ್ನೊಮ್ಮೆ ಅವರನ್ನು ಸಾಯಿಸಿ, ಇನ್ನೊಮ್ಮೆ ಸುಡಲು ನನ್ನಿಂದಾಗದು. ಖಾಲಿ ಮಡಕೆ ಹಿಡಿದು ರೈಲು ಹತ್ತಿದೆ. ಅತ್ತೆ ಬಯ್ಯುತ್ತಾರೆ, ನೆಂಟರೆಲ್ಲ ಆಡಿಕೊಳ್ಳುತ್ತಾರೆ ಎಂದು ದಾರಿಯುದ್ದಕ್ಕೂ ಹೆದರುತ್ತಲೇ ಬಂದೆ.

ಅತ್ತೆ ಜಗಲಿಯಲ್ಲಿ ಬಾಳೆನಾರು ಸೀಳುತ್ತ ಕೂತಿದ್ದರು. "ತಂದ್ಯಾ?"

"ಇಲ್ಲ ಅತ್ತೆ. ಜೀವ ಉಂಟು ಅದಕ್ಕೆ. ನಾನೇ ಕಂಡೆ. ತಂದ್ರೆ ಸಾಯ್ತದೆ ಅಂದ್ರು."

ಅವರ ಕೈ ನಿಂತಿತು. ಆಮೇಲೆ ಮೆತ್ತಗೆ, "ಉಂಬೂಕೆ ಎಂತ ಹಾಕ್ತ್ರು ಅಂವಂಗೆ?" ಎಂದರು.

"ಎಂತದೋ ಕೆಂಪು ನೀರು. ಎರಡು ದಿನಕ್ಕೊಮ್ಮೆ ಬದಲು ಮಾಡ್ತಾರಂತೆ."

"ಎರಡು ದಿನಕ್ಕೊಮ್ಮೆಯಾ!" ಅತ್ತೆ ಬಾಳೆನಾರು ಬಿಸಾಡಿ ಎದ್ದೇ ಬಿಟ್ಟರು. "ಹಸಿವೆ ತಡೆಯೂ ಗಂಡಲ್ಲ ಅಂವ. ಆ ಮಂಕಿ ಹುಡುಗಿಗೆ ಫೋನ್ ಹಚ್ಚು. ದಿನಾ ಹಾಕೂಕೆ ಹೇಳು!" ಎನ್ನುತ್ತ, ಮಗ ಸತ್ತ ಮೇಲೆ ಅವತ್ತೇ ಮೊದಲ ಸಲ, ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು. ನನಗೂ ಅಳು ಬಂತು.

ಆ ವರ್ಷದ ದಿನ ನಾವು ಕಾಗೆ ಕರೆಯಲಿಲ್ಲ. ಅತ್ತೆ ಬೇಡ ಎಂದರು. ನೆಂಟರು ಏನೇನೋ ಅಂದುಕೊಂಡರು, ಅಂದುಕೊಳ್ಳಲಿ. ಮಗನ ಒಂದಿಷ್ಟು ಎಲ್ಲೋ ಬೆಚ್ಚಗೆ ಬದುಕಿದೆ ಎನ್ನುವುದು ಅತ್ತೆಗೆ ಸಾಕು. ನನಗೆ ಸಾಲದು, ಸುಳ್ಳು ಯಾಕೆ ಹೇಳಲಿ? ನನಗೆ ಬಟ್ಟಲಿನಲ್ಲಿರುವಷ್ಟು ಬೇಡ. ಗೊರಕೆ, ಬೀಡಿ ವಾಸನೆ, ಕೆಟ್ಟ ತಮಾಷೆ ಎಲ್ಲದರ ಸಮೇತ ಇಡೀ ಮನುಷ್ಯ ಬೇಕು.