ರಾಶಿಯೊಳಗಿನ ಬಿಸಿ

ಮೊನ್ನೆ ಶ್ರೀರಾಮನಗರದ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಹೊಟ್ಟು ಕಮರಿದ ವಾಸನೆ ಬಂತು. ಪಕ್ಕದವರು ಮೂಗು ಮುಚ್ಚಿಕೊಂಡರು. ನನಗೆ ಚಾಚಾ ನೆನಪಾದರು...

ಗಂಗಾವತಿ ಕಡೆ, ಭತ್ತದ ಹೊಟ್ಟು ಉರಿಸಿ ಕರೆಂಟು ಮಾಡುವ ಪ್ಲಾಂಟಿನಲ್ಲಿ ನಾನು ಸೂಪರ್‌ವೈಸರ್ ಆಗಿದ್ದೆ. ಚಾಚಾ ಅಲ್ಲಿನ ಹೊಟ್ಟಿನ ಅಂಗಳದ ಕೂಲಿ. ಒದ್ದೆ ಹೊಟ್ಟು ಮೇಲೆ ತಣ್ಣಗಿದ್ದು ಒಳಗೇ ಕಾಯುತ್ತದೆ. ಅವರು ದಿನಾ ಬೆಳಿಗ್ಗೆ ಪ್ರತಿ ರಾಶಿಗೂ ಉದ್ದನೆಯ ಕಬ್ಬಿಣದ ಸಲಾಕೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಎಳೆದು, ತುದಿಗೆ ಕೈಯ ಹಿಂಬದಿ ತಾಗಿಸುತ್ತಿದ್ದರು. ಬಿಸಿ ಹತ್ತಿದರೆ ರಾಶಿ ಒಡೆಸಿ ಹರವಿಸುತ್ತಿದ್ದರು. ಅವರಿದ್ದಷ್ಟು ದಿನ ಬೆಂಕಿ ಬೀಳಲಿಲ್ಲ. ಹಾಗಾಗಿ ಅವರ ಕೆಲಸ ಯಾರ ಕಣ್ಣಿಗೂ ಬೀಳಲಿಲ್ಲ.

ಆಮೇಲೆ ಹೊಸ ಮ್ಯಾನೇಜರ್ ಬಂದ. ಗರಿಗರಿ ಇಸ್ತ್ರಿ, ಧೂಳು ಕಂಡರೆ ಕರ್ಚೀಫು. ಸುರಕ್ಷತಾ ಸಪ್ತಾಹವೆಂದು ಬಕೆಟ್ಟುಗಳಿಗೆ ಕೆಂಪು ಬಣ್ಣ ಬಳಿಸಿ ಹೂಮಾಲೆ ಹಾಕಿಸಿದ. ಮರಳು ತುಂಬಿಸುವುದು ಮಾತ್ರ ಹೊಳೆಯಲಿಲ್ಲ. ಫೋಟೊದಲ್ಲಿ ಬಕೆಟ್ಟಿನ ಒಳಗು ಕಾಣುವುದಿಲ್ಲವಲ್ಲ! ಚಾಚಾ ಹಿಡಿದಿದ್ದ ಸಲಾಕೆ ನೋಡಿ, "ಇದೇನ್ರೀ, ಮಂತ್ರದಂಡ?" ಎಂದು ನಕ್ಕು ಗುಜರಿಗೆ ಹಾಕಿಸಿದ. ಅವರನ್ನು ಗೇಟಿನಲ್ಲಿ ಸೆಲ್ಯೂಟ್ ಹೊಡೆಯಲು ನಿಲ್ಲಿಸಿದ. ರಾಶಿಯ ಬಿಸಿ ಬರೆಯಲು ರಿಜಿಸ್ಟರ್ ಬಂತು, ಥರ್ಮಾಮೀಟರ್ ಬರಲಿಲ್ಲ. ದಿನಾ ಕುರ್ಚಿಯಿಂದ ಏಳದೆ ಅದರಲ್ಲಿ "ಸರಿ ಇದೆ" ಎಂದು ಗೀಚುತ್ತಿದ್ದ ಮಹಾನುಭಾವ ನಾನೇ.

ಒಂದು ಮಧ್ಯಾಹ್ನ ಚಾಚಾ ನನ್ನ ಟೇಬಲ್ಲಿಗೆ ಬಂದರು.

"ಸಾಹೇಬ್ರ, ಬಾಯ್ಲರ್ ಬಾಜೂ ರಾಶಿ ಕಮಟು ವಾಸನಿ ಬರಾಕತ್ತೈತ್ರಿ. ಒಡಸ್ರಿ."

"ರಿಜಿಸ್ಟರ್ ಬರ್ದೀನಿ ಚಾಚಾ, ಎಲ್ಲಾ ಛಲೋ ಐತಿ. ನೀವು ಗೇಟಿಗೆ ಹೋಗ್ರಿ."

ಸಂಜೆಯೊಳಗೆ ರಾಶಿ ಕುಸಿದು ಹೊತ್ತಿಕೊಂಡಿತು. ಹೊಟ್ಟು ತುಂಬುತ್ತಿದ್ದ ಹೆಣ್ಣಾಳೊಬ್ಬಳು ಸೊಂಟದವರೆಗೆ ಹೂತುಹೋದಳು. ಮ್ಯಾನೇಜರ್ ಸಾಹೇಬರು ಕಾರಿನತ್ತ ಓಡಿದ ಚುರುಕು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಚಾಚಾ ಗೇಟಿನಿಂದ ಓಡಿಬಂದು ಬಕೆಟ್ಟು ಎತ್ತಿದರು... ಖಾಲಿ. ಅದನ್ನು ಬಿಸಾಡಿ, ಕೆಂಡದಂಥ ಹೊಟ್ಟನ್ನು ಬರಿಗೈಯಲ್ಲೇ ತೋಡಿ ಅವಳನ್ನು ಎಳೆದು ಹಾಕಿದರು. ನಾನು ರಿಜಿಸ್ಟರನ್ನು ಎದೆಗವಚಿಕೊಂಡು ದೂರ ನಿಂತಿದ್ದೆ.

ಅವಳು ಉಳಿದಳು. ಚಾಚಾ ಆಸ್ಪತ್ರೆಯಿಂದ ಬಂದ ಮೇಲೆ ಮನೆಗೆ ಹೋಗಿ ಮಾತನಾಡಿಸಿದೆ. ಹಬೆಯಾಡುವ ಚಹಾದ ಗ್ಲಾಸನ್ನು ಅವರು ಎರಡೂ ಕೈಯಲ್ಲಿ ಸುತ್ತಿ ಹಿಡಿದರು.

"ಚಾಚಾ, ಸುಡ್ತೈತಿ!"

"ಈಗ ಗೊತ್ತಾಗಂಗಿಲ್ರಿ," ಎಂದು ನಕ್ಕರು.

ರಿಜಿಸ್ಟರಿನಲ್ಲಿ ಎಲ್ಲ "ಸರಿ ಇದೆ" ಎಂದೇ ಇತ್ತಲ್ಲ, ಮ್ಯಾನೇಜರನಿಗೆ ಬಡ್ತಿ ಸಿಕ್ಕಿತು. ನಾಚಿಕೆಗೇಡು, ನನಗೂ ಸಿಕ್ಕಿತು. ಚಾಚಾ ತೀರಿಕೊಂಡು ವರ್ಷಗಳಾದವು. ಅಂಥ ಕೈ ಇನ್ನು ಸಿಗುವುದಿಲ್ಲ. ಮೊನ್ನೆ ಆ ವಾಸನೆ ಯಾವ ರಾಶಿಯದೆಂದು ಇಳಿದು ನೋಡಿ, ಯಾರಿಗಾದರೂ ಹೇಳಬೇಕೆನಿಸಿತು. ಇಳಿಯಲಿಲ್ಲ. ಕಿಟಕಿ ಎಳೆದುಕೊಂಡು ಕುಳಿತೆ.