ನಲವತ್ತೊಂದು ಮನೆಗಳ ದುಪ್ಪಟಿ

ಹಳೆಯ ಟ್ರಂಕು ಖಾಲಿ ಮಾಡುತ್ತಿದ್ದೆ. ತಳದಲ್ಲಿ, ನುಸಿಗುಳಿಗೆಯ ವಾಸನೆಯ ನಡುವೆ, ಒಂದು ಬಿಳಿ ಅಂಗಿ ಸಿಕ್ಕಿತು. ಬಿಳಿ ಎನ್ನುವುದು ಹಳೆಯ ಮಾತು, ಈಗ ಅದು ಚಹಾದ ಬಣ್ಣಕ್ಕೆ ತಿರುಗಿದೆ. ಗುಂಡಿಗಳು ಉದುರಿವೆ, ಮಡಿಕೆಗಳು ಹರಿದಿವೆ. ಕಾಲರು ತಿರುಗಿಸಿದರೆ ಒಳಗೆ ಮೂರು ಚುಕ್ಕಿ, ಕೆಳಗೊಂದು ಅಡ್ಡಗೆರೆ... ನಿನ್ನೆ ಹಾಕಿದಷ್ಟು ಕಪ್ಪಗಿತ್ತು. ಆ ಗುರುತು ಹಾಕಿದವರು ಹೊನ್ನಾಳಿಯಲ್ಲಿ ನನ್ನ ಬಟ್ಟೆ ಒಗೆಯುತ್ತಿದ್ದ ಮಿಲ್ಟ್ರಿ ಅಗಸರು.

ಎಂಬತ್ತರ ಆಸುಪಾಸು. ನಾನು ಹೊನ್ನಾಳಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ತಾತ್ಕಾಲಿಕ ಮೇಷ್ಟ್ರು. ಆಡಳಿತ ಮಂಡಳಿಯವರು ಕೆಮ್ಮಿದರೂ ಎದ್ದು ನಿಲ್ಲುವ ನೌಕರಿ. ಈ ಅಗಸರ ಇಸ್ತ್ರಿ ಅಂಗಡಿಯ ಪಕ್ಕದ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರು ಸೈನ್ಯದ ಪಲ್ಟನ್ನಿನಲ್ಲಿ ಬಟ್ಟೆ ಒಗೆಯುವ ಕೆಲಸದಲ್ಲಿದ್ದು, ನಿವೃತ್ತರಾಗಿ ಊರಿಗೆ ಬಂದವರು. ಬೆಳಿಗ್ಗೆ ಹೊಳೆಯಲ್ಲಿ ಒಗೆತ, ಮಧ್ಯಾಹ್ನದ ಮೇಲೆ ಇದ್ದಿಲ ಪೆಟ್ಟಿಗೆಯಲ್ಲಿ ಇಸ್ತ್ರಿ. ಊರವರೆಲ್ಲ "ಮಿಲ್ಟ್ರಿ" ಎಂದೇ ಕೂಗುತ್ತಿದ್ದರು. ನಾಲಿಗೆ ಚುರುಕು. "ಮೇಷ್ಟ್ರೇ, ಸೀಮೆಸುಣ್ಣದಾಗೆ ಬರೀತೀರೋ, ಇಲ್ಲಾ ಅದ್ರಾಗೆ ಹೊರಳಾಡ್ತೀರೋ?" ಎಂದು ನನ್ನ ತೋಳು ನೋಡಿ ಕೇಳುತ್ತಿದ್ದರು.

ಗುರುತು ಹಾಕುವುದನ್ನು ಮಾತ್ರ ಅವರು ಪೂಜೆಯಷ್ಟು ಶ್ರದ್ಧೆಯಿಂದ ಮಾಡುತ್ತಿದ್ದರು. ಕರಿಗೇರು ಕಾಯಿಗೆ ಸೂಜಿ ಚುಚ್ಚಿ, ಆ ರಸದಲ್ಲಿ ಬಟ್ಟೆಯ ಮೂಲೆಗೆ ಚುಕ್ಕಿ, ಗೆರೆ, ಸೊನ್ನೆ. ಮೇಲೆ ಸುಣ್ಣದ ನೀರು. ಎಷ್ಟು ಒಗೆದರೂ ಹೋಗುವುದಿಲ್ಲ. ಒಂದು ಮನೆಗೆ ಒಂದು ಗುರುತು, ಎರಡು ಮನೆಗೆ ಒಂದೇ ಗುರುತು ಬರುವಂತಿಲ್ಲ. ಆ ರಸ ತಾಗಿ ಅವರ ಬೆರಳ ತುದಿಗಳು ಸದಾ ಬೊಬ್ಬೆ ಎದ್ದು ಸುಲಿದಿರುತ್ತಿದ್ದವು. ಅಕ್ಷರ ಬಾರದ ಅವರಿಗೆ ಇಡೀ ಹೊನ್ನಾಳಿ ಹೀಗೆ ಬಾಯಿಪಾಠವಾಗಿತ್ತು.

ಒಂದು ಭಾನುವಾರ ಅವರು ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿ, ಕಂಕುಳಲ್ಲಿದ್ದ ದುಪ್ಪಟಿಯನ್ನು ನೆಲದ ಮೇಲೆ ಹಾಸಿದರು. ಬಿಳಿಯ ಬಟ್ಟೆಯ ತುಂಬ ಸಾಲುಸಾಲಾಗಿ ಕಪ್ಪು ಗುರುತುಗಳು. ಅವು ನಮ್ಮ ಕಡೆಯವಲ್ಲ. ಒಂದೆರಡರಲ್ಲಿ ನನಗೆ ತಿಳಿಯದ ಲಿಪಿಯ ಅಕ್ಷರಗಳೂ ಇದ್ದವು.

ಎಪ್ಪತ್ತೊಂದರ ಯುದ್ಧದಲ್ಲಿ ಅವರ ಪಲ್ಟನ್ ಪೂರ್ವ ಬಂಗಾಳಕ್ಕೆ ಹೋಗಿತ್ತಂತೆ. ಆ ದೇಶದ ಸೈನ್ಯವೇ ತಿಂಗಳುಗಟ್ಟಲೆ ತನ್ನ ಜನರನ್ನು, ಅವರಾಡುವ ಭಾಷೆಗಾಗಿ, ಅವರ ದೇವರಿಗಾಗಿ, ಹುಡುಕಿ ಹುಡುಕಿ ಕೊಂದಿತ್ತು.

"ನಾವು ಹೋಗೋ ಹೊತ್ತಿಗೆ ಕೊಂದೋರು ಓಡಿ ಹೋಗಿದ್ರು ಮೇಷ್ಟ್ರೇ. ಇಟ್ಟಿಗೆ ಭಟ್ಟಿ ಹಿಂದೆ ಮಣ್ಣು ತೆಗೆದ ಗುಂಡಿ. ಅದ್ರಾಗೆ ಜನ... ಮುಖ ಅಂತ ಉಳಿದಿರಲಿಲ್ಲ, ಬಟ್ಟೆ ಉಳಿದಿತ್ತು. ಬಟ್ಟೆ ಓದಾಕೆ ನನಗೆ ಬರ್ತೈತೆ."

ಹೆಣಗಳನ್ನು ಸರಿಯಾಗಿ ಮಣ್ಣು ಮಾಡುವ ಕೆಲಸಕ್ಕೆ ಅವರನ್ನೂ ಹಚ್ಚಿದ್ದರು. ಅಂಗಿಯ ಕಾಲರು, ಸೀರೆಯ ಸೆರಗಿನ ಮೂಲೆ, ಪಂಚೆಯ ಅಂಚು, ಎಲ್ಲೆಲ್ಲಿ ಅಲ್ಲಿನ ಅಗಸರ ಗುರುತು ಕಂಡಿತೋ ಅದನ್ನೆಲ್ಲ ಇದ್ದಿಲಲ್ಲಿ ತಮ್ಮ ದುಪ್ಪಟಿಯ ಮೇಲೆ ಬರೆದುಕೊಂಡರು. ಊರಿಗೆ ಬಂದ ಮೇಲೆ ಕರಿಗೇರು ರಸದಲ್ಲಿ ತಿದ್ದಿದರು. ನಲವತ್ತೊಂದು ಗುರುತು.

"ಸತ್ತೋರ ಬಟ್ಟೆ ಅಗಸನ ಪಾಲು ಅಲ್ಲೇನ್ರಿ ನಮ್ ಕಡೆ? ಹಂಗೆ ನನ್ನ ಪಾಲಿಗೆ ಬಂದೋರು ಇವರು."

ದುಪ್ಪಟಿಯ ಕೆಳಗಿನ ಅರ್ಧ ಖಾಲಿ ಇತ್ತು. ಯಾಕೆಂದು ಕೇಳಿದೆ.

"ಅದು ತಾವೇ ಒಗಕೊಳ್ಳೋ ಬಡವರ ಜಾಗ. ಅವರಿಗೆ ಗುರುತೆಲ್ಲಿಂದ ಬರಬೇಕು? ಅವರೇ ಜಾಸ್ತಿ ಇದ್ರು."

ಅವರಿಗೆ ನನ್ನಿಂದ ಬೇಕಾದದ್ದು ಒಂದೇ ಕಾಗದ. ಈ ಗುರುತುಗಳನ್ನೆಲ್ಲ ನಕಲು ಮಾಡಿ, ಇಂಗ್ಲಿಷಿನಲ್ಲಿ ವಿವರ ಬರೆದು, ಢಾಕಾದ ಸರ್ಕಾರಕ್ಕೆ ಕಳಿಸಬೇಕು. "ಹಾಕಿದ ಅಗಸ ಒಬ್ಬ ಬದುಕಿದ್ರೆ ಸಾಕು, ನೋಡಿದ ತಕ್ಷಣ ಇದು ಇಂಥೋರ ಮನೇದು ಅಂತಾನೆ. ಮನೆಯೋರು ಇನ್ನೂ ದಾರಿ ನೋಡ್ತಿರ್ತಾರೆ ಮೇಷ್ಟ್ರೇ. ನೋಡೋದಾದ್ರೂ ತಪ್ಪತೈತೆ."

ನನಗೆ ಹುರುಪು ಬಂತು. ಎರಡು ಭಾನುವಾರ ಕೂತು ಡ್ರಾಯಿಂಗ್ ಹಾಳೆಯ ಮೇಲೆ ನಲವತ್ತೊಂದನ್ನೂ ಬರೆದೆ. ಖಾಲಿ ಜಾಗವನ್ನು ಖಾಲಿಯಾಗಿಯೇ ಬಿಡಬೇಕೆಂದು ಅವರು ಹಟ ಹಿಡಿದರು. ನಿಘಂಟು ನೋಡಿ ನೋಡಿ ಕಾಗದ ಬರೆದು, ಎರಡನ್ನೂ ಲಕೋಟೆಗೆ ಹಾಕಿದೆ. ಅಷ್ಟಕ್ಕೆ ಸುಮ್ಮನಿರದೆ ಶಾಲೆಯಲ್ಲಿ ನಾಲ್ಕು ಜನರ ಮುಂದೆ ಹೇಳಿಕೊಂಡೆ. ಮಾತು ಆಡಳಿತ ಮಂಡಳಿಯ ಕಾರ್ಯದರ್ಶಿಗೆ ಮುಟ್ಟಿತು. ಅವರು ಊರಿನ ದೊಡ್ಡ ವಕೀಲರು.

ಮಾರನೆಯ ಬೆಳಿಗ್ಗೆ, ಎಂದೂ ಅಂಗಡಿಗೆ ಬಾರದ ವಕೀಲರು ಕೋಟು ಒಯ್ಯುವ ನೆಪದಲ್ಲಿ ತಾವೇ ಬಂದರು. ನಾನು ಶಾಲೆಗೆ ಹೊರಟು ನಿಂತಿದ್ದೆ. ಬಟ್ಟೆಗೆ ಕಾಯುತ್ತಿದ್ದ ಐದಾರು ಮಂದಿಯೂ ಇದ್ದರು.

"ಏನಯ್ಯಾ ಮಿಲ್ಟ್ರಿ, ಬಂಗಾಳದ ಪುರಾಣ ಬರೆಸ್ತಿದ್ದೀಯಂತೆ? ಅಷ್ಟು ಜನಾನ ಕೊಂದ್ರು ಅನ್ನೋದೆಲ್ಲ ಗೆದ್ದೋರು ಕಟ್ಟಿದ ಕಥೆ. ಪೇಪರ್‌ನೋರಿಗೆ ಏನು, ಸೊನ್ನೆ ಸೇರಿಸಾಕೆ ಕಾಸು ಕೊಡಬೇಕಾ?"

ಅಗಸರು ಒಳಗಿಂದ ದುಪ್ಪಟಿ ತಂದು ಇಸ್ತ್ರಿ ಮೇಜಿನ ಮೇಲೆ ಹಾಸಿದರು. ವಕೀಲರು ಬೆರಳೂ ತಾಗಿಸದೆ ನೋಡಿದರು.

"ಹೆಸರಿಲ್ಲ, ಊರಿಲ್ಲ, ಸಾಕ್ಷಿ ಇಲ್ಲ. ನೀನೇ ಮನೇಲಿ ಕೂತು ಗೀಚಿದ್ದಲ್ಲ ಅಂತ ಏನು ಗ್ಯಾರಂಟಿ? ಅಗಸನ ಗೀಟು ಒಂದು ಪುರಾವೆನಾ?"

ವಕೀಲರು ಕೆಟ್ಟವರೇನಲ್ಲ. ತಾವು ಓದದೇ ಇದ್ದ ಸಂಗತಿಯೊಂದು ಅಗಸರ ಅಂಗಡಿಯಲ್ಲಿ ಇರುವುದು ಅವರಿಗೆ ಸಹಿಸಲಾಗಲಿಲ್ಲ, ಅಷ್ಟೇ. ಅಂಥವರು ಕೊಲ್ಲುವುದಿಲ್ಲ. ಕೊಂದವರು ಹೋದ ಮೇಲೆ ಬಂದು ನೆಲ ಒರೆಸಿಕೊಡುತ್ತಾರೆ.

ಅಗಸರು ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟರು. "ಸ್ವಾಮಿ, ನಿಮ್ಮ ಕಾಲರ್ ಹಿಂದೆ ಎರಡು ಸೊನ್ನೆ, ಒಂದು ಗೀಟು ಐತೆ. ನಾನು ಹಾಕಿದ್ದು. ನಾಳೆ ನಿಮ್ಮನ್ನ ಯಾರಾದ್ರೂ ಹೊಡೆದು ಗುಂಡಿಗೆ ಹಾಕಿ, ಮುಖ ಗುರುತು ಸಿಗದಂಗಾದ್ರೆ, ಇವರು ನಮ್ಮ ವಕೀಲ್ರು ಅಂತ ಹೇಳಾಕೆ ಈ ಅಗಸ ಒಬ್ಬನೇ ಇರ್ತಾನೆ. ಅವತ್ತು ಪುರಾವೆ ಬ್ಯಾಡ ಅಂತೀರಾ?"

ವಕೀಲರ ಕೈ ಕಾಲರಿನ ತನಕ ಹೋಗಿ ಇಳಿಯಿತು. ಮುಖ ಕೆಂಪಾಗಿ, ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ನೀವು ಓದಿದೋರು. ಹೇಳ್ರಿ, ಇದು ಪುರಾವೆನಾ?"

ನನ್ನ ನೌಕರಿ ಅವರ ಸಹಿಯ ತುದಿಯಲ್ಲಿತ್ತು.

"ಹಂಗೇ ಹೇಳಾಕೆ ಬರಲ್ಲ ಸಾರ್," ಎಂದೆ.

ವಕೀಲರು ನಕ್ಕು ಕೋಟು ತೆಗೆದುಕೊಂಡು ಹೋದರು. ಅಲ್ಲಿದ್ದವರೂ ನಕ್ಕರು. ಅಗಸರು ದುಪ್ಪಟಿಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿದರು. ಸಂಜೆ ನಾನು ತಲೆ ತಗ್ಗಿಸಿ ಹೋದರೆ ತಾವೇ ಕರೆದು ಹೇಳಿದರು. "ನೌಕರಿ ಉಳಿಸ್ಕಬೇಕಲ್ರಿ, ನನಗೆ ಬ್ಯಾಸರ ಇಲ್ಲ. ಆ ಕಾಗದ ಒಂದು ಹಾಕಿಬಿಡ್ರಿ."

ಬೈದಿದ್ದರೆ ಒಳ್ಳೆಯದಿತ್ತು... ನಾನು ಕಾಗದ ಹಾಕಲಿಲ್ಲ. ವಿದೇಶದ ಟಪಾಲಿನ ವಿಳಾಸ ನೋಡಿದ ಕೂಡಲೆ ಅಂಚೆ ಕಚೇರಿಯವರು ಊರೆಲ್ಲ ಹೇಳುತ್ತಾರೆ, ವಕೀಲರಿಗೆ ತಿಳಿಯುತ್ತದೆ ಎಂದು ಹೆದರಿದೆ. ವಾರದ ಮೇಲೆ ಅಗಸರು ಕೇಳಿದಾಗ "ಹಾಕಿದೆ" ಎಂದೆ. ಆಮೇಲೆ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಅವರು ಇಸ್ತ್ರಿ ಬಿಟ್ಟು ಬಾಗಿಲಿಗೆ ಬರತೊಡಗಿದರು. ನಾನು ಕಂಡೂ ಕಾಣದಂತೆ ಇದ್ದೆ.

ಆರು ತಿಂಗಳಲ್ಲಿ ನನಗೆ ಸರ್ಕಾರಿ ನೌಕರಿ ಸಿಕ್ಕು ಜಗಳೂರಿಗೆ ಹೊರಟೆ. ಯಾವ ನೌಕರಿಗಾಗಿ ಬಾಯಿ ಮುಚ್ಚಿಕೊಂಡಿದ್ದೆನೋ ಅದನ್ನು ಬಿಟ್ಟು ಬರಲು ನನಗೆ ಒಂದು ದಿನವೂ ಬೇಕಾಗಲಿಲ್ಲ. ಹೊರಡುವ ಮುಂಜಾನೆ, ಅವರ ಕೈಗೆ ಸಿಕ್ಕೀತೆಂದು, ಆ ಲಕೋಟೆಯನ್ನು ಬಚ್ಚಲ ಹಂಡೆಯ ಒಲೆಗೆ ಹಾಕಿದೆ. ಅದೇ ನೀರಲ್ಲಿ ಸ್ನಾನ ಮಾಡಿದೆ. ಅವರು ಬಸ್‌ಸ್ಟ್ಯಾಂಡಿನವರೆಗೆ ಬಂದು, ಇಸ್ತ್ರಿ ಮಾಡಿದ ಈ ಅಂಗಿಯನ್ನು ಕೊಟ್ಟು, "ಉತ್ತರ ಬಂದ್ರೆ ನಿಮಗೆ ತಿಳಿಸ್ತೀನಿ" ಎಂದರು.

ಮೂರು ವರ್ಷದ ಮೇಲೆ ಹೊನ್ನಾಳಿಗೆ ಹೋದಾಗ ಅಂಗಡಿ ಮುಚ್ಚಿತ್ತು. ಅವರು ತೀರಿಕೊಂಡು ಎರಡು ತಿಂಗಳಾಗಿತ್ತು. ಅವರ ಹೆಂಡತಿ ಚಾಪೆ ಹಾಸಿ ಕೂರಿಸಿದರು. ಧೈರ್ಯ ಮಾಡಿ ದುಪ್ಪಟಿಯ ವಿಚಾರ ಎತ್ತಿದೆ. ಮತ್ತೊಮ್ಮೆ ನಕಲು ಮಾಡಿಕೊಳ್ಳಬೇಕು, ಈ ಸಲ ಕಳಿಸಿಯೇ ತೀರಬೇಕು ಎಂದುಕೊಂಡು ಬಂದಿದ್ದೆ.

"ಅದನ್ನ ಅವರ ಮ್ಯಾಲೆ ಹೊದಿಸಿ ಮಣ್ಣು ಮಾಡಿದ್ವಿ ಮೇಷ್ಟ್ರೇ. ಅವರೇ ಹೇಳಿದ್ರು. ಇಷ್ಟು ವರ್ಷ ಉತ್ತರ ಬರಲಿಲ್ಲ ಅಂದ್ರೆ ಅಲ್ಲಿ ಗುರುತು ಹಿಡಿಯೋರು ಯಾರೂ ಉಳಿದಿಲ್ಲ, ಎಲ್ಲಾರ್ನೂ ಕೊಂದಿರಬೇಕು, ಇನ್ನು ಇವರು ನನ್ನ ಜೊತೆಗೇ ಬರಲಿ ಅಂದ್ರು... ನೀವು ಪಾಪ, ಎಷ್ಟು ಕಷ್ಟಪಟ್ಟು ಬರೆದ್ರಿ."

ಅವರು ಕೊಟ್ಟ ಚಹಾ ಕುಡಿದೆ. ನಿಜ ಹೇಳಲಿಲ್ಲ. ಆ ನಲವತ್ತೊಂದು ಮನೆಯವರು ಎರಡನೆಯ ಸಲ ಮಣ್ಣು ಸೇರಿದ್ದರು, ಈ ಸಲ ನನ್ನಿಂದ.

ಇಂದಿಗೂ ಯಾರಾದರೂ ಅಂಚೆಯವರನ್ನು ಬೈದರೆ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತೇನೆ. ಕಳೆದ ತಿಂಗಳು ಚನ್ನಗಿರಿಯಲ್ಲಿ ಒಂದು ಮದುವೆಯ ಊಟಕ್ಕೆ ಕೂತಿದ್ದೆ. ಪಕ್ಕದಲ್ಲಿದ್ದ ಪ್ಯಾಂಟಿನ ಯುವಕ ಮೊಬೈಲು ನೋಡುತ್ತ, "ಬಂಗಾಳದಾಗೆ ಕೊಂದಿದ್ದೆಲ್ಲ ಬರೀ ಸುಳ್ಳಂತೆ ನೋಡ್ರಿ ಸಾರ್" ಎಂದ. ಎಲೆಯ ಮುಂದೆಯೇ ನನ್ನ ಸಿಟ್ಟು ನೆತ್ತಿಗೇರಿತು. ಸುಳ್ಳಲ್ಲ, ನಲವತ್ತೊಂದು ಮನೆಗಳ ಗುರುತು ನನ್ನ ಕೈಯಾರೆ ಬರೆದಿದ್ದೇನೆ ಎಂದು ಜೋರಾಗಿಯೇ ಹೇಳಿದೆ. ಬಡಿಸುವವರೂ ನಿಂತು ನೋಡಿದರು.

"ಹೌದಾ? ಎಲ್ಲೈತೆ ಸಾರ್, ತೋರಿಸ್ರಿ."

"ಸುಟ್ಟೆ," ಎಂದೆ.

ಆತ ನಕ್ಕು ಪಾಯಸಕ್ಕೆ ಕೈ ಹಾಕಿದ. ಮನೆಗೆ ಬಂದವನು ಆ ಗುರುತುಗಳಲ್ಲಿ ಒಂದನ್ನಾದರೂ ನೆನಪಿಸಿಕೊಳ್ಳಲು ಹಾಳೆ ಹಿಡಿದು ಕೂತೆ. ಒಂದೂ ಬರಲಿಲ್ಲ. ಅಂಗಿ ಈಗ ನನ್ನ ತೊಡೆಯ ಮೇಲಿದೆ. ಮೂರು ಚುಕ್ಕಿ, ಒಂದು ಅಡ್ಡಗೆರೆ. ಅವರು ಹಾಕಿದ ಗುರುತುಗಳಲ್ಲಿ ನನ್ನ ಪಾಲಿಗೆ ಉಳಿದದ್ದು ನನ್ನದೊಂದೇ.